ಕಣಕಾಲು ಮುಚ್ಚುವ ಬೂಟು: ಅಂದ ಗೆದ್ದಿತು, ಆರಾಮ ಸೋತಿತು

ಕಣಕಾಲಿನವರೆಗೆ ಏರುವ ಕ್ಯಾನ್ವಾಸ್ ಬಟ್ಟೆ, ಬೆರಳುಗಳ ಮೇಲೆ ಬಿಳಿ ರಬ್ಬರಿನ ಹೊದಿಕೆ, ಒಳಮಗ್ಗುಲಲ್ಲಿ ನಕ್ಷತ್ರದ ದುಂಡು ಮುದ್ರೆ. ಅಮೆರಿಕದ ಕಾನ್ವರ್ಸ್ ಕಂಪೆನಿಯ 'ಆಲ್ ಸ್ಟಾರ್' ಬೂಟಿನ ಗುರುತು ಇಷ್ಟೇ. ಜೀನ್ಸ್ ಜೊತೆಗೆ ಇದನ್ನು ಮೆಟ್ಟುವ ಇಂದಿನ ಯುವಜನರಲ್ಲಿ ಅನೇಕರಿಗೆ ಇದು ಹುಟ್ಟಿದ್ದು ಬ್ಯಾಸ್ಕೆಟ್‌ಬಾಲ್ ಅಂಗಳಕ್ಕಾಗಿ ಎಂಬುದು ತಿಳಿದಿರಲಾರದು.

ಮ್ಯಾಸಚೂಸೆಟ್ಸ್ ರಾಜ್ಯದ ಮಾಲ್ಡನ್‌ನಲ್ಲಿ 1908ರಲ್ಲಿ ಆರಂಭವಾದ ಈ ಕಂಪೆನಿ ಮೊದಲು ತಯಾರಿಸುತ್ತಿದ್ದುದು ರಬ್ಬರಿನ ಪಾದರಕ್ಷೆಗಳನ್ನು. 'ಆಲ್ ಸ್ಟಾರ್' ಬಂದದ್ದು 1917ರಲ್ಲಿ. ಮರದ ನೆಲದ ಮೇಲೆ ಜಾರದಿರಲೆಂದು ರಬ್ಬರಿನ ಅಟ್ಟೆ, ಕಣಕಾಲು ಉಳುಕದಿರಲೆಂದು ಎತ್ತರದ ಕತ್ತು. ಆಗ ಅದರ ಆಕಾರವೆಲ್ಲ ಅಗತ್ಯದಿಂದ ಬಂದದ್ದೇ. 1920ರ ದಶಕದಲ್ಲಿ ಕಂಪೆನಿ ಸೇರಿದ ಚಕ್ ಟೇಲರ್ ಊರೂರು ಸುತ್ತಿ ಆಟ ಕಲಿಸಿದ, ಜೊತೆಗೇ ಬೂಟನ್ನೂ ಮಾರಿದ. ಮುಂದಿನ ದಶಕದಲ್ಲಿ ಅವನ ಹೆಸರೇ ಮುದ್ರೆಯನ್ನೇರಿತು.

1969ರಲ್ಲಿ ಜರ್ಮನಿಯ ಅಡಿಡಾಸ್ ಕಂಪೆನಿಯ ಚರ್ಮದ 'ಸೂಪರ್‌ಸ್ಟಾರ್' ಬಂದ ಮೇಲೆ ಗಾಳಿ ಬದಲಾಯಿತು. ಹೆಚ್ಚು ಆಸರೆ ಕೊಡುವ ಬೂಟುಗಳತ್ತ ಆಟಗಾರರು ಹೊರಳಿದರು. ಆದರೆ ಆಟಗಾರರು ಬಿಟ್ಟದ್ದನ್ನು ಸಂಗೀತಗಾರರು, ವಿದ್ಯಾರ್ಥಿಗಳು ಎತ್ತಿಕೊಂಡರು. ಕ್ರೀಡೆಯ ಸಾಧನ ಶೋಕಿಯ ವಸ್ತುವಾಯಿತು.

ಕಾಲಿಗೆ ಇದರಿಂದ ಸುಖವಿದೆಯೇ? ಅಟ್ಟೆ ಚಪ್ಪಟೆ, ಒಳಹಾಸು ತೆಳು, ಅಂಗಾಲಿನ ಕಮಾನಿಗೆ ಆಸರೆ ಇಲ್ಲ. ಗಟ್ಟಿ ನೆಲದ ಮೇಲೆ ಹೆಜ್ಜೆ ಹಾಕಿದರೆ ಪೆಟ್ಟು ನೇರ ಹಿಮ್ಮಡಿಗೆ. ಎತ್ತರದ ಕತ್ತಿನ ರಕ್ಷಣೆಯ ಬಗೆಗೂ ಅನುಮಾನವಿದೆ. 1993ರಲ್ಲಿ ಪ್ರಕಟವಾದ ಅಧ್ಯಯನವೊಂದು ಕಾಲೇಜು ಮಟ್ಟದ 622 ಆಟಗಾರರನ್ನು ಗಮನಿಸಿತು. ಎತ್ತರದ ಬೂಟಿನವರಿಗೂ ಗಿಡ್ಡ ಬೂಟಿನವರಿಗೂ ಉಳುಕಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಅದಕ್ಕೆ ಕಾಣಲಿಲ್ಲ. ಇದೇ ಚಪ್ಪಟೆ ಅಟ್ಟೆಯನ್ನು ಮೆಚ್ಚುವವರೂ ಇದ್ದಾರೆ: ಭಾರ ಎತ್ತುವವರು. ಮೆತ್ತನೆಯ ಅಟ್ಟೆ ಕುಸಿಯುತ್ತದೆ, ಇದು ಕುಸಿಯದು.

2003ರಲ್ಲಿ ಕಾನ್ವರ್ಸ್ ನೈಕಿ ಕಂಪೆನಿಯ ಪಾಲಾಯಿತು. 2015ರಲ್ಲಿ ನೈಕಿಯದೇ ಮೆತ್ತನೆಯ ಒಳಹಾಸು ಹಾಕಿದ 'ಚಕ್ ಟೇಲರ್ 2' ಮಾರುಕಟ್ಟೆಗೆ ಬಂತು. ಕಾಲಿಗೆ ಹಿತವಾಗಿದ್ದರೂ ಅದು ನಿರೀಕ್ಷೆಯಷ್ಟು ಓಡಲಿಲ್ಲ. ಅದಕ್ಕೆ ಎರಡು ವರ್ಷ ಮೊದಲು ಬಂದಿದ್ದ 'ಚಕ್ 70' ಮಾತ್ರ ನೆಲೆಯೂರಿತು. ಅದರ ಒಳಹಾಸೂ ತುಸು ದಪ್ಪವೇ. ಆದರೆ ಹೊರನೋಟ 1970ರ ಕಾಲದ್ದು. ಆರಾಮ ಬೇಡವೆಂದು ಜನ ಹೇಳಲಿಲ್ಲ. ಅದು ಹಳೆಯ ವೇಷದಲ್ಲಿ ಬರಬೇಕಿತ್ತು, ಅಷ್ಟೆ.

ಬೂಟು ಎಲ್ಲಿ ಕಚ್ಚುತ್ತದೆಂಬುದು ಮೆಟ್ಟಿದವರಿಗೇ ಗೊತ್ತು. ಸಂಜೆಯ ತಿರುಗಾಟಕ್ಕೆ ಈ ಬೂಟು ಸಾಕು. ದಿನವಿಡೀ ನಿಂತು ದುಡಿಯುವವರು ಒಳಗೊಂದು ಮೆತ್ತನೆಯ ಹಾಸು ಸೇರಿಸಿಕೊಳ್ಳುವುದು ಲೇಸು. ಓಡುವವರಿಗಂತೂ ಬೇರೆ ಬೂಟೇ ಬೇಕು.