ನೋವನ್ನು ಕಂಡು ನಕ್ಕವರು

ಕೆಳದವಡೆಯ ಹಲ್ಲೊಂದು ಆರು ತಿಂಗಳಿಂದ ಕಾಡುತ್ತಿತ್ತು. ಲವಂಗ ಕಚ್ಚಿಕೊಂಡೇ ಪಾಠ ಮಾಡಿದೆ, ಉಪ್ಪುನೀರು ಮುಕ್ಕಳಿಸಿಯೇ ಅಡುಗೆ ಮಾಡಿದೆ. ಕೆನ್ನೆ ಊದಿಕೊಂಡ ಮೇಲಷ್ಟೇ ದಂತವೈದ್ಯರ ಕುರ್ಚಿಯಲ್ಲಿ ಕುಳಿತದ್ದು. ನಮ್ಮ ಹೆಂಗಸರ ಹಣೆಬರಹವೇ ಇಷ್ಟಲ್ಲವೆ!

ಇಂಜೆಕ್ಷನ್ ಕೊಟ್ಟ ಸ್ವಲ್ಪ ಹೊತ್ತಿಗೆ ತುಟಿ ಮರಗಟ್ಟಿತು. ಇಕ್ಕಳ ಹಿಡಿದು ಅಲುಗಿಸಿದ್ದು ತಿಳಿಯಿತು, ಕರಕರ ಸದ್ದೂ ಕೇಳಿಸಿತು. ನೋವು ಮಾತ್ರ ಇಲ್ಲ. "ಆಯ್ತು ಮೇಡಂ" ಎಂದರು ಡಾಕ್ಟರು.

ಇತಿಹಾಸ ಪಾಠ ಮಾಡುವ ನನಗೆ ಆಗ ನೆನಪಾದವನು ಹೊರೇಸ್ ವೆಲ್ಸ್. ಅಮೆರಿಕದ ಹಾರ್ಟ್‌ಫರ್ಡ್ ಊರಿನ ದಂತವೈದ್ಯ. 1844ರ ಡಿಸೆಂಬರ್ 10ರಂದು ಅಲ್ಲೊಂದು ಪ್ರದರ್ಶನ. ನೈಟ್ರಸ್ ಆಕ್ಸೈಡ್ ಎಂಬ ನಗೆ ಅನಿಲ ಸೇದಿದವರ ಕುಣಿತ ನೋಡಿ ಜನ ನಗುವುದು. ಹಾಗೆ ಸೇದಿದವನೊಬ್ಬ ಕಾಲಿಗೆ ಪೆಟ್ಟು ಮಾಡಿಕೊಂಡ. ಅವನಿಗೆ ಅದರ ಅರಿವೇ ಇರಲಿಲ್ಲ. ವೆಲ್ಸ್ ಅದನ್ನು ಗಮನಿಸಿದ. ಮರುದಿನವೇ ತಾನು ಆ ಅನಿಲ ಸೇದಿ, ಜಾನ್ ರಿಗ್ಸ್ ಎಂಬ ಗೆಳೆಯನಿಂದ ತನ್ನ ಹಲ್ಲನ್ನೇ ಕೀಳಿಸಿಕೊಂಡ.

1845ರಲ್ಲಿ ಬಾಸ್ಟನ್ನಿನ ವೈದ್ಯವಿದ್ಯಾರ್ಥಿಗಳೆದುರು ಅದನ್ನು ಮಾಡಿ ತೋರಿಸಹೊರಟ. ಅನಿಲ ಸಾಲಲಿಲ್ಲ, ರೋಗಿ ಕೂಗಿಬಿಟ್ಟ. ಸಭೆ 'ಮೋಸ' ಎಂದು ಗೇಲಿ ಮಾಡಿತು. ಮರುವರ್ಷ ಅದೇ ಊರಿನಲ್ಲಿ ವಿಲಿಯಂ ಮಾರ್ಟನ್ ಈಥರ್ ಬಳಸಿ ಗೆದ್ದ, ಕೀರ್ತಿಯೆಲ್ಲ ಅವನದಾಯಿತು. ವೆಲ್ಸ್ 1848ರಲ್ಲಿ, 33ನೆಯ ವಯಸ್ಸಿಗೆ, ನ್ಯೂಯಾರ್ಕಿನ ಸೆರೆಮನೆಯಲ್ಲಿ ತಾನಾಗಿ ಪ್ರಾಣ ಬಿಟ್ಟ. ಅಮೆರಿಕದ ದಂತವೈದ್ಯರ ಸಂಘ ಅವನಿಗೆ ಮನ್ನಣೆ ಕೊಟ್ಟದ್ದು 1864ರಲ್ಲಿ. ಈಗ ಸಾಮಾನ್ಯವಾಗಿ ವಸಡಿಗೆ ಚುಚ್ಚುವ ಲಿಡೊಕೇನ್ ಬೇರೆಯೇ ಔಷಧ. ಸ್ವೀಡನ್ನಿನಲ್ಲಿ 1943ರಲ್ಲಿ ತಯಾರಾದದ್ದು. ಆದರೆ ಹಲ್ಲು ಕೀಳುವಾಗ ನೋಯಲೇಬೇಕೆಂದಿಲ್ಲ ಎಂದು ಮೊದಲು ಹಟ ಹಿಡಿದವರಲ್ಲಿ ಆ ನಗೆಪಾಟಲಾದ ಮನುಷ್ಯನೂ ಒಬ್ಬ.

ಮನೆಗೆ ಬಂದು ಹತ್ತಿ ಕಚ್ಚಿ ಕುಳಿತೆ. ಆ ದಿನ ಮುಕ್ಕಳಿಸುವಂತಿಲ್ಲ, ಉಗುಳುವಂತಿಲ್ಲ. ಗುಳಿಯಲ್ಲಿ ಹೆಪ್ಪುಗಟ್ಟಿದ ರಕ್ತವೇ ಗಾಯಕ್ಕೆ ಮುಚ್ಚಳ. ಅದು ಕಿತ್ತುಬಂದರೆ ಒಳಗಿನ ಎಲುಬು ಬರಿದಾಗಿ ವಿಪರೀತ ನೋವು. ತಣ್ಣನೆಯ ಮೊಸರನ್ನ ತಿಂದು, ಮರುದಿನದಿಂದ ಬೆಚ್ಚನೆಯ ಉಪ್ಪುನೀರಿನಲ್ಲಿ ಮೆಲ್ಲಗೆ ಬಾಯಿ ತೊಳೆದುಕೊಂಡೆ.

ಮೂರು ದಿನದ ಮೌನದಲ್ಲಿ ಹಳೆಯದೊಂದು ನೆನಪು ಕುಟುಕಿತು. ಏಳನೇ ತರಗತಿಯ ಹುಡುಗಿಯೊಬ್ಬಳು ಕೆನ್ನೆ ಹಿಡಿದು ಅಳುತ್ತ ಮನೆಗೆ ಹೋಗುತ್ತೇನೆಂದಾಗ, "ಹಲ್ಲುನೋವಿಗೆ ಇಷ್ಟು ನಾಟಕವೇನೆ?" ಎಂದಿದ್ದೆ. ಇಡೀ ತರಗತಿ ನಕ್ಕಿತ್ತು. ಎರಡು ದಿನ ಬಿಟ್ಟು ಅವಳು ಬಂದಾಗ ಮುಖ ಬಾತು ಕಣ್ಣೇ ಮುಚ್ಚಿತ್ತು. ನಾನು ಏನೂ ಹೇಳದೆ ಪಾಠ ಮುಂದುವರಿಸಿದ್ದೆ.

ಬಾಸ್ಟನ್ನಿನ ಆ ಸಭೆಯ ಕಥೆಯನ್ನು ಎಷ್ಟೋ ವರ್ಷ ಮಕ್ಕಳಿಗೆ ಹೇಳಿದ್ದೇನೆ. ಆ ನಗುವವರ ಸಾಲಿನಲ್ಲಿ ನಾನೂ ಕುಳಿತಿದ್ದೆನೆಂದು ತಿಳಿಯಲು ನನ್ನ ಹಲ್ಲೇ ಹೋಗಬೇಕಾಯಿತು.