ಕಾರ್ಟಿಸೋನ್ ಕಲಿಸಿದ ಪಾಠ

ಸೈನಸ್ ಉರಿಯೂತ ಮತ್ತು ಮೂಗಿನ ದುರ್ಮಾಂಸದಿಂದ ವಾಸನೆಯನ್ನೇ ಕಳೆದುಕೊಂಡಿದ್ದ ನನಗೆ ವೈದ್ಯರು ಕೆಲವು ದಿನಗಳ ಮಟ್ಟಿಗೆ ಪ್ರೆಡ್ನಿಸೋಲೋನ್ ಮಾತ್ರೆ ಬರೆದುಕೊಟ್ಟಿದ್ದರು. ನಾಲ್ಕನೆಯ ದಿನ ಒಗ್ಗರಣೆಯ ಇಂಗಿನ ಘಮ ಮರಳಿತು. ಎರಡು ತಿಂಗಳಲ್ಲಿ ಮತ್ತೆ ಮರೆಯಾಯಿತು. ಹಳೆಯ ಚೀಟಿ ಹಿಡಿದು ಔಷಧಿ ಅಂಗಡಿಗೆ ಹೊರಟವನನ್ನು ತಡೆದದ್ದು ಈ ಔಷಧದ ಇತಿಹಾಸ.

1929ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನ ವೈದ್ಯ ಫಿಲಿಪ್ ಹೆಂಚ್, ಸಂಧಿವಾತದ ರೋಗಿಯೊಬ್ಬರಿಗೆ ಕಾಮಾಲೆ ಬಂದಾಗ ಕೀಲುನೋವು ತಗ್ಗಿದುದನ್ನು ಗಮನಿಸಿದರು. ದೇಹವೇ ಯಾವುದೋ ಶಾಮಕವನ್ನು ಸ್ರವಿಸುತ್ತಿರಬೇಕೆಂದು ಅವರು ಊಹಿಸಿದರು. ಅಲ್ಲಿಯೇ ಎಡ್ವರ್ಡ್ ಕೆಂಡಾಲ್ ಅಡ್ರಿನಲ್ ಗ್ರಂಥಿಯಿಂದ ಹಲವು ವಸ್ತುಗಳನ್ನು ಬೇರ್ಪಡಿಸಿದ್ದರು. ಅವುಗಳಲ್ಲೊಂದೇ ಮುಂದೆ ಕಾರ್ಟಿಸೋನ್ ಎನಿಸಿತು. 1948ರ ಸೆಪ್ಟೆಂಬರಿನಲ್ಲಿ ಅದರ ಚುಚ್ಚುಮದ್ದು ಪಡೆದ ಮೊದಲ ಸಂಧಿವಾತ ರೋಗಿ, ನಡೆಯಲು ಪರದಾಡುತ್ತಿದ್ದ ಯುವತಿ, ಕೆಲವೇ ದಿನಗಳಲ್ಲಿ ಸಲೀಸಾಗಿ ಓಡಾಡಿದಳು. 1950ರಲ್ಲಿ ಇವರಿಬ್ಬರಿಗೂ ಸ್ವಿಟ್ಜರ್ಲೆಂಡಿನ ರೈಖ್‌ಸ್ಟೈನ್ ಅವರಿಗೂ ನೊಬೆಲ್ ಸಂದಿತು.

ಆದರೆ ಔಷಧ ನಿಲ್ಲಿಸಿದೊಡನೆ ನೋವು ಮರಳುತ್ತಿತ್ತು. ಮುಂದುವರಿಸಿದರೆ ಮುಖ ಊದಿ, ಮೂಳೆ ಸವೆದು, ರಕ್ತದ ಸಕ್ಕರೆ ಏರುತ್ತಿತ್ತು. 1955ರಲ್ಲಿ ಬಂದ ಪ್ರೆಡ್ನಿಸೋನ್ ಮಾತ್ರೆಯೂ ಈ ತೊಡಕುಗಳನ್ನು ನೀಗಲಿಲ್ಲ. 1970ರ ದಶಕದಲ್ಲಿ ಬೆಕ್ಲೋಮೆಥಸೋನ್ ಸ್ಪ್ರೇ ಬಂದ ಮೇಲೆ ಔಷಧವನ್ನು ಮೂಗಿಗಷ್ಟೇ ತಲುಪಿಸುವ ದಾರಿ ತೆರೆಯಿತು. ಆದುದರಿಂದಲೇ ಇಂದು ದಿನನಿತ್ಯಕ್ಕೆ ಸ್ಪ್ರೇ ಮತ್ತು ಉಪ್ಪುನೀರಿನ ತೊಳೆತ. ಮಾತ್ರೆ ಅಪರೂಪಕ್ಕೆ, ಅಲ್ಪಾವಧಿಗೆ.

ಚೀಟಿಯನ್ನು ಮಡಿಸಿಟ್ಟು ವೈದ್ಯರಲ್ಲಿಗೇ ಹೋದೆ. ನನ್ನ ಸಕ್ಕರೆಯ ಪ್ರಮಾಣ ನೋಡಿ ಅವರು ಸ್ಪ್ರೇ ಮುಂದುವರಿಸಲು ಹೇಳಿದರು. ಇಂಗಿನ ಘಮ ಈಗ ಅರ್ಧದಷ್ಟು ತಿಳಿಯುತ್ತದೆ. ಇತಿಹಾಸ ಓದಿ ಏನು ಪ್ರಯೋಜನವೆಂದು ತರಗತಿಯಲ್ಲಿ ಕೇಳುತ್ತಿದ್ದ ಮಕ್ಕಳೇ, ನನಗೆ ದೊರೆತ ಉತ್ತರವಿದು.