ಕೊಪ್ಪಳ ಜಿಲ್ಲೆಯಲ್ಲಿ ಶಿಶುಗಳ ಶೀಘ್ರ ಮಧ್ಯಸ್ಥಿಕೆ ಸೇವೆ

ಶೀಘ್ರ ಮಧ್ಯಸ್ಥಿಕೆ ಎಂದರೆ ಬೆಳವಣಿಗೆಯಲ್ಲಿ ಹಿಂದುಳಿದ ಮಗುವನ್ನು ಎಳವೆಯಲ್ಲೇ ಗುರುತಿಸಿ, ಅಗತ್ಯವಾದ ಚಿಕಿತ್ಸೆ ಹಾಗೂ ತರಬೇತಿಯನ್ನು ಒದಗಿಸುವ ವ್ಯವಸ್ಥೆ. ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಭಾಗಗಳಲ್ಲಿ ಈ ಸೇವೆಯ ಮುಖ್ಯ ಆಧಾರ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಲ್ಲಿ ಜನ್ಮಜಾತ ದೋಷ, ಪೋಷಕಾಂಶಗಳ ಕೊರತೆ, ಕಾಯಿಲೆ ಹಾಗೂ ಬೆಳವಣಿಗೆಯ ವಿಳಂಬಗಳನ್ನು ಪತ್ತೆ ಹಚ್ಚುವುದು ಇದರ ಉದ್ದೇಶ.

ಗುರುತಿಸುವಿಕೆ

ನಾಲ್ಕು ತಿಂಗಳಾದರೂ ಕತ್ತು ನಿಲ್ಲದಿರುವುದು, ಒಂಬತ್ತು ತಿಂಗಳಾದರೂ ಆಸರೆಯಿಲ್ಲದೆ ಕೂರದಿರುವುದು, ಒಂದೂವರೆ ವರ್ಷವಾದರೂ ನಡೆಯದಿರುವುದು ಅಥವಾ ಒಂದು ಪದವನ್ನೂ ಆಡದಿರುವುದು ವೈದ್ಯರಿಗೆ ತೋರಿಸಬೇಕಾದ ಲಕ್ಷಣಗಳು. ಕಲಿತದ್ದನ್ನು ಮಗು ಮರೆತರೆ ಯಾವ ವಯಸ್ಸಿನಲ್ಲೂ ತಡಮಾಡಬಾರದು. ಅವಧಿಗೆ ಮುನ್ನ ಜನಿಸಿದ ಶಿಶುವಿನ ವಯಸ್ಸನ್ನು ಸಾಮಾನ್ಯವಾಗಿ ಎರಡು ವರ್ಷದವರೆಗೆ ಹೆರಿಗೆಯ ನಿರೀಕ್ಷಿತ ದಿನದಿಂದ ಎಣಿಸಲಾಗುತ್ತದೆ.

“ಗಂಡುಮಕ್ಕಳು ತಡವಾಗಿ ಮಾತನಾಡುತ್ತಾರೆ” ಎಂಬ ನಂಬಿಕೆಯಿಂದ ಎಷ್ಟೋ ಕುಟುಂಬಗಳು ಕಾಯುತ್ತಾ ಉಳಿಯುತ್ತವೆ. ಆದರೆ ಮಿದುಳು ಅತ್ಯಂತ ವೇಗವಾಗಿ ಬೆಳೆಯುವುದು ಮೊದಲ ಮೂರು ವರ್ಷಗಳಲ್ಲಿ. ಆಗ ನೀಡಿದ ತರಬೇತಿಯ ಫಲವನ್ನು ಮುಂದೆ ಪಡೆಯುವುದು ಕಷ್ಟ.

ಸೇವೆ ಪಡೆಯುವ ಕ್ರಮ

ಆಸ್ಪತ್ರೆಯಲ್ಲಿ ಹುಟ್ಟಿದ ಶಿಶುವಿನ ಮನೆಗೆ ಆಶಾ ಕಾರ್ಯಕರ್ತೆ 42 ದಿನಗಳೊಳಗೆ ಆರು ಬಾರಿ, ಬಳಿಕ 3, 6, 9, 12 ಮತ್ತು 15ನೇ ತಿಂಗಳುಗಳಲ್ಲಿ ಭೇಟಿ ನೀಡಬೇಕೆಂಬ ನಿಯಮವಿದೆ. ಆರು ವಾರದಿಂದ ಆರು ವರ್ಷದವರೆಗಿನ ಮಕ್ಕಳನ್ನು ಸಂಚಾರಿ ಆರೋಗ್ಯ ತಂಡವು ಅಂಗನವಾಡಿಯಲ್ಲಿ ವರ್ಷಕ್ಕೆ ಎರಡು ಬಾರಿ ತಪಾಸಣೆ ಮಾಡುತ್ತದೆ. ಸಂದೇಹವಿರುವ ಮಗುವನ್ನು ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳುಹಿಸಲಾಗುತ್ತದೆ. ಪೋಷಕರು ಈ ತಪಾಸಣೆಗಾಗಿ ಕಾಯದೆ, ತಾಯಿ ಕಾರ್ಡ್‌ನೊಂದಿಗೆ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆಯ ವೈದ್ಯರನ್ನು ನೇರವಾಗಿ ಕಾಣಬಹುದು.

ಚಿಕಿತ್ಸೆ ಆರಂಭಿಸಲು ಅಂಗವಿಕಲತೆಯ ಪ್ರಮಾಣಪತ್ರ ಬೇಕಿಲ್ಲ. ಮಾಸಾಶನ ಮೊದಲಾದ ಸೌಲಭ್ಯಗಳಿಗೆ ಮಾತ್ರ ಅದು ಅಗತ್ಯ. ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಹಾಗೂ ತಾಲ್ಲೂಕಿನ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಅರ್ಜಿ ಸಲ್ಲಿಸಲು ನೆರವಾಗುತ್ತಾರೆ.

ಚಿಕಿತ್ಸೆಯ ಸ್ವರೂಪ

ಮಗುವಿನ ಅಗತ್ಯಕ್ಕೆ ತಕ್ಕಂತೆ ಫಿಸಿಯೋಥೆರಪಿ, ಆಕ್ಯುಪೇಷನಲ್ ಥೆರಪಿ, ವಾಕ್ ಚಿಕಿತ್ಸೆ, ಶ್ರವಣ ಮತ್ತು ದೃಷ್ಟಿ ಪರೀಕ್ಷೆಗಳನ್ನು ನಡೆಸಲಾಗುತ್ತದೆ. ಮಾತು ಬಾರದ ಮಗುವಿಗೆ ಮೊದಲು ಕಿವಿಯ ಪರೀಕ್ಷೆ ಮುಖ್ಯ. ಹೆಚ್ಚಿನ ಪರೀಕ್ಷೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮತ್ತು ಬೆಂಗಳೂರಿನ ನಿಮ್ಹಾನ್ಸ್ ರಾಜ್ಯದ ಪ್ರಮುಖ ಕೇಂದ್ರಗಳಾಗಿವೆ. ಚಿಕಿತ್ಸಕರು ತಾಯಿಗೆ ಕಲಿಸಿಕೊಡುವ ಅಭ್ಯಾಸಗಳನ್ನು ಸ್ನಾನ, ಊಟ, ಆಟದ ಹೊತ್ತಿನಲ್ಲಿ ಪ್ರತಿದಿನ ಮಾಡಿಸುವುದೇ ಚಿಕಿತ್ಸೆಯ ಬಹುಭಾಗ.

ಸವಾಲುಗಳು

ಪದೇ ಪದೇ ಜಿಲ್ಲಾ ಕೇಂದ್ರಕ್ಕೆ ಹೋಗಿ ಬರುವ ಕೃಷಿ ಕೂಲಿ ಕುಟುಂಬಗಳಿಗೆ ಬಸ್ ಖರ್ಚಿನೊಂದಿಗೆ ಅಂದಿನ ಕೂಲಿಯೂ ನಷ್ಟವಾಗುತ್ತದೆ. ಹೀಗಾಗಿ ಕೆಲವರು ಚಿಕಿತ್ಸೆಯನ್ನು ನಡುವೆ ನಿಲ್ಲಿಸುತ್ತಾರೆ. ಈ ಭಾಗದ ಒಣಭೂಮಿಯ ಹಳ್ಳಿಗಳಿಂದ ಗುಳೆ ಹೋಗುವ ಕುಟುಂಬಗಳ ಮಕ್ಕಳು ಅಂಗನವಾಡಿ ತಪಾಸಣೆಯ ದಿನ ಊರಿನಲ್ಲಿ ಇಲ್ಲದಿರುವುದೂ ಉಂಟು. ಗುಳೆ ಹೋಗುವಾಗ ತಾಯಿ ಕಾರ್ಡ್ ಮತ್ತು ಚಿಕಿತ್ಸೆಯ ದಾಖಲೆಗಳನ್ನು ಜೊತೆಗೊಯ್ದರೆ, ಹೋದ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆಯನ್ನು ಮುಂದುವರಿಸಲು ಅನುಕೂಲವಾಗುತ್ತದೆ.